ಹೊಸ ಭೌತಸಿದ್ಧಾಂತದ ಮೊದಲ ಪುಟ



ಭೌತವಿಜ್ಞಾನದಲ್ಲಿ ಈಗ ಚಾಲ್ತಿಯಲ್ಲಿರುವ ಸಿದ್ಧಾಂತ ಸರಿಯಿಲ್ಲ, ಅದರ ಜಾಗದಲ್ಲಿ ಕೂರಬೇಕಾದದ್ದು ಬೇರೆ ಇದೆ ಎಂದು ಹೇಳುವವರು ಯಾವ ಕಾಲದಲ್ಲೂ ಇದ್ದಾರೆ. ಅವರ ಪೈಕಿ ಒಬ್ಬಿಬ್ಬರು ಶಾಸ್ತ್ರದ ದಿಕ್ಕನ್ನೇ ಬದಲಿಸಿದರು. ಹಲವರು ಗೌರವದಿಂದ ಸೋತರು. ಉಳಿದವರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಅವರ ಮಾತು ಯಾವ ಪ್ರಯೋಗಾಲಯದ ಕೈಗೂ ಸಿಗದೆ ಜಾರಿಹೋಯಿತು. ಈ ಮೂರನೆಯ ಗತಿ ಏಕೆ ಬರುತ್ತದೆ ಎಂಬುದು ಇವತ್ತಿನ ನನ್ನ ಪ್ರಶ್ನೆ. ಗಣಿತ ಸಾಲದ್ದರಿಂದ, ಪದವಿ ಇಲ್ಲದ್ದರಿಂದ, ಇಂಗ್ಲಿಷ್ ಬಾರದ್ದರಿಂದ ಎಂದು ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ನನಗೆ ಕಾಣುವ ಕಾರಣ ಅದಕ್ಕೂ ಮೊದಲಿನದು: ತನ್ನ ಮುಖ್ಯ ಪದಗಳಿಗೆ ಲಕ್ಷಣ ಹೇಳುವಾಗಲೇ ಆ ಸಿದ್ಧಾಂತ ಎಡವಿರುತ್ತದೆ. ಯಾವ ಅಳತೆ ಬಂದರೆ ತನ್ನ ಮಾತು ಸುಳ್ಳಾಗುತ್ತದೆ ಎಂಬುದು ಪದದ ಲಕ್ಷಣದಲ್ಲೇ ಅಡಕವಾಗಿರಬೇಕು. ಹಾಗಿಲ್ಲದ ಪದಗಳಿಂದ ಕಟ್ಟಿದ ಸಿದ್ಧಾಂತಕ್ಕೆ ತಪ್ಪಾಗುವ ಯೋಗ್ಯತೆಯೂ ಇರುವುದಿಲ್ಲ. ಬೆಂಗಳೂರಿನಲ್ಲೇ ನಡೆದ ಒಂದು ದೊಡ್ಡ ವಿವಾದವನ್ನು ಮುಖ್ಯ ಸಾಕ್ಷಿಯಾಗಿಟ್ಟುಕೊಂಡು ಇದನ್ನು ವಾದಿಸುತ್ತೇನೆ.

ಅದಕ್ಕೆ ಮೊದಲು ಎರಡು ಹಳೆಯ ಪ್ರಸಂಗಗಳನ್ನು ನೋಡೋಣ. 1687ರಲ್ಲಿ ಅಚ್ಚಾದ ನ್ಯೂಟನ್ನನ ‘ಪ್ರಿನ್ಸಿಪಿಯ’ ನಿಯಮಗಳಿಂದ ಶುರುವಾಗುವುದಿಲ್ಲ, ಎಂಟು ಲಕ್ಷಣವಾಕ್ಯಗಳಿಂದ ಶುರುವಾಗುತ್ತದೆ. ಮೊದಲನೆಯದೇ ದ್ರವ್ಯರಾಶಿಯದು: ಸಾಂದ್ರತೆಯನ್ನು ಗಾತ್ರದಿಂದ ಗುಣಿಸಿದರೆ ಬರುವುದು ದ್ರವ್ಯರಾಶಿ. ಕೇಳಲು ಚೆನ್ನಾಗಿದೆ. ಆದರೆ ಸಾಂದ್ರತೆ ಎಂದರೇನು ಎಂದು ಕೇಳಿದರೆ ಒಂದು ಗಾತ್ರದಲ್ಲಿ ಅಡಗಿರುವ ದ್ರವ್ಯರಾಶಿ ಎನ್ನಬೇಕಾಗುತ್ತದೆ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ. 1883ರಲ್ಲಿ ಅರ್ನ್ಸ್ಟ್ ಮಾಖ್ ಈ ಸುತ್ತನ್ನು ಎತ್ತಿ ತೋರಿಸಿದ. ಎರಡು ವಸ್ತುಗಳು ಒಂದನ್ನೊಂದು ಎಳೆದಾಗ ಅಥವಾ ತಳ್ಳಿದಾಗ ಎರಡರಲ್ಲೂ ಉಂಟಾಗುವ ವೇಗೋತ್ಕರ್ಷಗಳ ಅನುಪಾತದಿಂದ ದ್ರವ್ಯರಾಶಿಯನ್ನು ಗುರುತಿಸಿ ಎಂದ. ಇಲ್ಲಿ ಅಳೆಯಬೇಕಾದದ್ದು ದೂರ ಮತ್ತು ಕಾಲ ಮಾತ್ರ. ‘ದ್ರವ್ಯ’ ಅಂದರೆ ಏನು ಎಂಬ ಗೊಂದಲ ಹಿಂದೆ ಸರಿಯಿತು. ಎರಡನೆಯ ಪ್ರಸಂಗ ಇದಕ್ಕಿಂತ ಕುತೂಹಲಕರ. 1904ರಲ್ಲಿ ಲೊರೆಂಟ್ಸ್ ಬರೆದ ಸಮೀಕರಣಗಳಿಗೂ 1905ರಲ್ಲಿ ಐನ್‌ಸ್ಟೈನ್ ಬರೆದ ಸಮೀಕರಣಗಳಿಗೂ ಗಣಿತದ ಮಟ್ಟದಲ್ಲಿ ಹೆಚ್ಚು ಅಂತರವಿಲ್ಲ. ಲೊರೆಂಟ್ಸ್‌ಗೆ ‘ಸ್ಥಳೀಯ ಕಾಲ’ ಲೆಕ್ಕ ಸುಲಭ ಮಾಡುವ ಒಂದು ಉಪಾಯ. ನಿಜವಾದ ಕಾಲ ಈಥರಿನಲ್ಲಿ ಬೇರೆಯೇ ಇತ್ತು. ಐನ್‌ಸ್ಟೈನ್ ತನ್ನ ಪ್ರಬಂಧದ ಮೊದಲ ಭಾಗವನ್ನೇ ಒಂದು ಪದಕ್ಕೆ ಮೀಸಲಿಟ್ಟ: ಏಕಕಾಲಿಕತೆ. ದೂರದಲ್ಲಿರುವ ಎರಡು ಗಡಿಯಾರಗಳು ಒಂದೇ ಹೊತ್ತನ್ನು ತೋರಿಸುತ್ತಿವೆ ಎಂದು ಹೇಳಬೇಕಾದರೆ ಬೆಳಕನ್ನು ಇಲ್ಲಿಂದ ಅಲ್ಲಿಗೆ ಕಳಿಸಿ, ವಾಪಸು ಪಡೆದು, ಹೋಗಿಬಂದ ಕಾಲದ ನಡುಬಿಂದುವಿಗೆ ಆ ಗಡಿಯಾರವನ್ನು ಹೊಂದಿಸಬೇಕು. ಇಷ್ಟೇ. ಉಳಿದ ಆಶ್ಚರ್ಯಗಳೆಲ್ಲ ಈ ಲಕ್ಷಣವನ್ನು ಕೊನೆಯವರೆಗೂ ಬಿಡದೆ ಪಾಲಿಸಿದ್ದರಿಂದ ಬಂದವು. ಅವತ್ತಿನ ಮಟ್ಟಿಗೆ ಅದೊಂದು ಪರ್ಯಾಯ ಸಿದ್ಧಾಂತ, ಬರೆದಾತ ಸ್ವಿಸ್ ಪೇಟೆಂಟ್ ಕಚೇರಿಯ ನೌಕರ.

ಲಕ್ಷಣ ಹೇಳುವ ಶಿಸ್ತು ನಮಗೆ ಹೊರಗಿನಿಂದ ಬರಬೇಕಾದ ಸರಕೇನೂ ಅಲ್ಲ. ನಮ್ಮ ಮಠಗಳ, ಪಾಠಶಾಲೆಗಳ ತರ್ಕದ ಪಾಠದಲ್ಲಿ ಹುಡುಗರು ಆರಂಭದಲ್ಲೇ ಕಲಿಯುತ್ತಿದ್ದದ್ದು ಲಕ್ಷಣದ ಮೂರು ದೋಷಗಳನ್ನು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಹಸು ಎಂದರೆ ಕಪಿಲ ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯಿತು. ಕೊಂಬಿರುವುದು ಎಂದರೆ ಎಮ್ಮೆಯೂ ಒಳಗೆ ಬಂತು. ಗೊರಸು ಸೀಳಿಲ್ಲದ್ದು ಎಂದರೆ ಯಾವ ಹಸುವೂ ಸಿಗಲಿಲ್ಲ. ಈ ಜರಡಿ ಎಷ್ಟು ಸೂಕ್ಷ್ಮವಾಗಿತ್ತು ಎನ್ನಲು ‘ಗುರುತ್ವ’ದ ಲಕ್ಷಣವನ್ನೇ ನೋಡಬಹುದು. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಗುರುತ್ವವನ್ನು ಬೀಳುವಿಕೆಗೆ ಕಾರಣ ಎಂದಷ್ಟೇ ಹೇಳಿ ಬಿಟ್ಟಿಲ್ಲ, ಮೊದಲ ಬೀಳುವಿಕೆಗೆ ಕಾರಣ ಎಂದು ಬಿಗಿ ಮಾಡಿದ್ದಾರೆ. ಏಕೆಂದರೆ ವಸ್ತು ಒಮ್ಮೆ ಬೀಳತೊಡಗಿದ ಮೇಲೆ ಮುಂದಿನ ಬೀಳುವಿಕೆಗೆ ವೇಗವೂ ಕಾರಣವಾಗುತ್ತದೆ. ‘ಮೊದಲ’ ಎನ್ನದಿದ್ದರೆ ಲಕ್ಷಣ ವೇಗದ ಮೇಲೂ ಹರಿದು ಅತಿವ್ಯಾಪ್ತಿಯಾಗುತ್ತದೆ. ಇಷ್ಟು ಎಚ್ಚರ ಇಂದಿನ ಅನೇಕ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ಆದರೂ ಆ ಲಕ್ಷಣದಿಂದ ಒಂದು ಯಂತ್ರಶಾಸ್ತ್ರ ಬೆಳೆಯಲಿಲ್ಲ. ಎಷ್ಟು ಗುರುತ್ವ, ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ಇದೇ ಸಂಪ್ರದಾಯ ಗುರುತ್ವ ಪೃಥಿವಿ ಮತ್ತು ಜಲಗಳಲ್ಲಿ ಮಾತ್ರ ಇದೆ, ವಾಯುವಿನಲ್ಲಿ ಇಲ್ಲ ಎಂದಿತು. 1648ರಲ್ಲಿ ಪ್ಯಾಸ್ಕಲನ ಭಾವ ಪಾದರಸದ ಕೊಳವೆಯನ್ನು ಪ್ವಿ ದ ಡೋಮ್ ಬೆಟ್ಟದ ಮೇಲೆ ಹೊತ್ತೊಯ್ದಾಗ ಪಾದರಸದ ಮಟ್ಟ ಇಳಿಯಿತು. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿಯ ಭಾರ ಕಡಿಮೆಯಾಗುತ್ತದೆ ಎಂದು ಖಚಿತವಾಯಿತು. ನಮ್ಮವರಿಗೆ ತರ್ಕದ ಜರಡಿ ಇತ್ತು, ತಕ್ಕಡಿ ಅದರ ಜೊತೆ ಕೂಡಲಿಲ್ಲ. ಆದ್ದರಿಂದ ಭೌತಶಾಸ್ತ್ರದ ಲಕ್ಷಣಕ್ಕೆ ಈ ಮೂರು ದೋಷಗಳ ಜೊತೆ ನಾಲ್ಕನೆಯದೊಂದನ್ನು ಸೇರಿಸಬೇಕು ಎನ್ನುತ್ತೇನೆ: ಅಮೇಯತೆ, ಅಂದರೆ ಅಳತೆಗೆ ದಾರಿಯೇ ಇಲ್ಲದಿರುವುದು.

ಈಗ ಬೆಂಗಳೂರಿಗೆ ಬರೋಣ. ಜರ್ಮನಿಯಿಂದ ಹೊರದೂಡಲ್ಪಟ್ಟ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಕೆಲಸ ಮಾಡಿದ. ಆತಿಥೇಯ ಮತ್ತು ಅತಿಥಿ ಇಬ್ಬರೂ ಮುಂದಿನ ದಶಕದಲ್ಲಿ ಒಂದೇ ಪ್ರಶ್ನೆಯ ಎರಡು ದಡಗಳಲ್ಲಿ ನಿಂತರು. ಪ್ರಶ್ನೆ ಇದು: ಒಂದು ಹರಳಿನ ಒಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆ? 1907ರಲ್ಲಿ ಐನ್‌ಸ್ಟೈನ್ ವಜ್ರದ ಉಷ್ಣಧಾರಣೆಯನ್ನು ವಿವರಿಸಲು ಎಲ್ಲ ಪರಮಾಣುಗಳೂ ಒಂದೇ ಆವೃತ್ತಿಯಲ್ಲಿ ಕಂಪಿಸುತ್ತವೆ ಎಂದು ಹಿಡಿದಿದ್ದ. 1912ರಲ್ಲಿ ಬಾರ್ನ್ ಮತ್ತು ಫಾನ್ ಕಾರ್ಮಾನ್ ಇನ್ನೊಂದು ದಾರಿ ತೋರಿದರು: ಹರಳಿನಲ್ಲಿ ಎಷ್ಟು ಪರಮಾಣುಗಳಿವೆಯೋ ಅದರ ಮೂರರಷ್ಟು ಕಂಪನ ಬಗೆಗಳಿವೆ, ಅವೆಲ್ಲ ಬೇರೆ ಬೇರೆ ಉದ್ದದ ಅಲೆಗಳು. ಒಂದು ಕ್ಯಾರಟ್ ವಜ್ರ ಎಂದರೆ 0.2 ಗ್ರಾಂ, ಅದರಲ್ಲಿರುವ ಇಂಗಾಲದ ಪರಮಾಣುಗಳು ಸುಮಾರು 10ರ 22ನೇ ಘಾತದಷ್ಟು. ಅಷ್ಟೊಂದು ಆವೃತ್ತಿಗಳು ಒತ್ತಾಗಿ ಕೂತರೆ ನಡುವೆ ಸಂದೇ ಇರುವುದಿಲ್ಲ. ರಾಮನ್‌ರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಶಿಷ್ಯ ಆರ್.ಎಸ್. ಕೃಷ್ಣನ್ 1940ರ ದಶಕದಲ್ಲಿ ಪಾದರಸ ದೀಪದ ಅತಿನೇರಳೆ ಬೆಳಕನ್ನು ಬಳಸಿ ವಜ್ರದ ರೋಹಿತ ತೆಗೆದಾಗ, ಅಲ್ಲಿ ಆಗಲೇ ಗೊತ್ತಿದ್ದ, ಸೆಂಟಿಮೀಟರಿಗೆ 1332 ಅಲೆಗಳ ಪ್ರಖರ ಗೆರೆಯಲ್ಲದೆ ಅದರ ಆಚೆಗೆ ಮಂದವಾದ, ಆದರೆ ಮೊನಚಾದ ಹಲವು ಗೆರೆಗಳು ಕಂಡವು. ಸಂದಿಲ್ಲದ ಹರವು ಇದ್ದರೆ ಇಂಥ ಚೂಪು ಗೆರೆಗಳು ಎಲ್ಲಿಂದ ಬರಬೇಕು ಎಂಬುದು ರಾಮನ್‌ರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಅವರು ಮುಂದಿಟ್ಟ ಪರ್ಯಾಯದ ಬಲವೆಲ್ಲ ಒಂದೇ ಪದದಲ್ಲಿತ್ತು: ಸಹಜ ಕಂಪನ. ಒಂದು ವ್ಯವಸ್ಥೆಯ ಕಣಗಳೆಲ್ಲ ಒಂದೇ ಆವೃತ್ತಿಯಲ್ಲಿ ತೂಗುತ್ತ, ಒಂದೇ ಕ್ಷಣದಲ್ಲಿ ತಮ್ಮ ತಟಸ್ಥ ಸ್ಥಾನವನ್ನು ದಾಟಿದರೆ ಅದು ಸಹಜ ಕಂಪನ ಎಂಬುದು ಹಳೆಯ, ಎಲ್ಲರೂ ಒಪ್ಪಿದ ಲಕ್ಷಣ. ಇದನ್ನು ಹರಳಿಗೆ ಅನ್ವಯಿಸುವಾಗ ರಾಮನ್ ಒಂದು ಹೆಜ್ಜೆ ಮುಂದೆ ಹೋದರು. ಹರಳಿನ ಒಂದೊಂದು ಕೋಶವೂ ಇನ್ನೊಂದರಂತೆಯೇ ಇರುವುದರಿಂದ, ಅಕ್ಕಪಕ್ಕದ ಕೋಶಗಳಲ್ಲಿನ ಒಂದೇ ಸ್ಥಾನದ ಪರಮಾಣುಗಳು ಸಮನಾದ ವಿಸ್ತಾರದಲ್ಲಿ ಕಂಪಿಸಬೇಕು, ಒಂದೋ ಜೊತೆಜೊತೆಯಾಗಿ, ಇಲ್ಲವೇ ನೇರ ವಿರುದ್ಧವಾಗಿ. ಮೂರನೆಯ ದಾರಿ ಇಲ್ಲ. ಹೀಗೆ ಹಿಡಿದರೆ ಎಣಿಕೆ ಸರಳ. ಮೂರು ದಿಕ್ಕಿನಲ್ಲಿ ಎರಡೆರಡು ಕೋಶಗಳನ್ನು ಸೇರಿಸಿದ ಎಂಟು ಕೋಶಗಳ ಗುಂಪನ್ನು ತೆಗೆದುಕೊಳ್ಳಿ. ಒಂದು ಕೋಶದಲ್ಲಿ p ಪರಮಾಣುಗಳಿದ್ದರೆ ಗುಂಪಿನಲ್ಲಿ 8p. ಪ್ರತಿಯೊಂದಕ್ಕೂ ಮೂರು ದಿಕ್ಕಿನ ಚಲನೆ, ಒಟ್ಟು 24p. ಇಡೀ ಗುಂಪು ಸರಿದಾಡುವ ಮೂರನ್ನು ಕಳೆದರೆ 24pಗೆ ಮೂರು ಕಡಿಮೆ. ವಜ್ರದಲ್ಲಿ p ಎರಡು. ಆದ್ದರಿಂದ 45 ಬಗೆ. ವಜ್ರದ ಸೌಷ್ಠವದಿಂದಾಗಿ ಅವುಗಳಲ್ಲಿ ಹಲವು ಒಂದೇ ಆವೃತ್ತಿಗೆ ಬಂದು ಬೀಳುತ್ತವೆ, ಬೆರಳಲ್ಲಿ ಎಣಿಸುವಷ್ಟು ಮಾತ್ರ ಉಳಿಯುತ್ತವೆ. ಒಂದು ಕಡೆ 10ರ 22ನೇ ಘಾತವನ್ನೂ ಮೀರಿದ ಸಂಖ್ಯೆ, ಇನ್ನೊಂದು ಕಡೆ ಕೈಬೆರಳಿನ ಲೆಕ್ಕ. ಬಾರ್ನ್‌ನ ಲೆಕ್ಕದಲ್ಲಿ ಹರಳಿನ ಒಂದು ಕೊನೆ ಇನ್ನೊಂದು ಕೊನೆಗೆ ಸುತ್ತಿಬಂದು ಸೇರಿದಂತೆ ಭಾವಿಸುವ ಒಂದು ಗಣಿತದ ಊಹೆಯಿದೆ. ಅದು ಕೃತಕ, ಅದರಿಂದ ಹುಟ್ಟಿದ ಅಲೆಗಳು ನಿಜವಾದ ಸಹಜ ಕಂಪನಗಳೇ ಅಲ್ಲ ಎಂಬುದು ರಾಮನ್‌ರ ತಕರಾರು. ಜಗಳ ಸಂಖ್ಯೆಯ ಬಗ್ಗೆ ಎಂದು ಹೊರಗೆ ಕಂಡರೂ ಒಳಗೆ ನಡೆಯುತ್ತಿದ್ದದ್ದು, ಹರಳಿನಲ್ಲಿ ‘ಒಂದು ಕಂಪನ’ ಎಂದು ಯಾವುದನ್ನು ಕರೆಯಬೇಕು ಎಂಬ ಲಕ್ಷಣದ ಚರ್ಚೆ.

ಬಾರ್ನ್‌ನ ಪಾಳೆಯ ಸುಮ್ಮನಿರಲಿಲ್ಲ. 1948ರಲ್ಲಿ ಹೆಲೆನ್ ಸ್ಮಿತ್, ಬಾರ್ನ್‌ನ ಸಿದ್ಧಾಂತದಿಂದಲೇ ವಜ್ರದ ಆ ಮಂದ ರೋಹಿತವನ್ನು ಲೆಕ್ಕ ಹಾಕಿ, ಹರವು ಅಖಂಡವಾಗಿದ್ದರೂ ಅದರ ಮೇಲೆ ಶಿಖರಗಳು ಏಳುತ್ತವೆ ಎಂದು ತೋರಿಸಿದರು. ಹೀಗಾಗಿ ಕೃಷ್ಣನ್‌ರ ರೋಹಿತ ಎರಡೂ ಕಡೆಗೆ ಸಾಕ್ಷಿ ಹೇಳತೊಡಗಿತು. ಒಬ್ಬರು ಅದನ್ನು ಗೆರೆ ಎಂದರು, ಇನ್ನೊಬ್ಬರು ಶಿಖರ ಎಂದರು. ಬೆಳಕಿನ ಪ್ರಯೋಗದಿಂದ ಇದನ್ನು ತೀರ್ಮಾನಿಸುವುದು ಕಷ್ಟವಾಗಿತ್ತು. ಬೇಕಾಗಿದ್ದದ್ದು ಕಂಪನದ ಆವೃತ್ತಿ ಮತ್ತು ಅಲೆಯುದ್ದ ಎರಡನ್ನೂ ಒಟ್ಟಿಗೆ ಅಳೆಯುವ ಸಾಧನ. ಅಣುಸ್ಥಾವರಗಳಿಂದ ಬರುವ ನಿಧಾನಗತಿಯ ನ್ಯೂಟ್ರಾನ್‌ಗಳು ಅದನ್ನು ಒದಗಿಸಿದವು. ಅವುಗಳ ಅಲೆಯುದ್ದ ಪರಮಾಣುಗಳ ನಡುವಿನ ಅಂತರಕ್ಕೆ ಹತ್ತಿರ, ಅವುಗಳ ಶಕ್ತಿ ಹರಳಿನ ಕಂಪನದ ಶಕ್ತಿಗೆ ಹತ್ತಿರ. ಹರಳಿಗೆ ಬಡಿದು ಹೊರಬಂದ ನ್ಯೂಟ್ರಾನ್ ಎಷ್ಟು ಶಕ್ತಿ ಕಳೆದುಕೊಂಡಿತು, ಎಷ್ಟು ತಿರುಗಿತು ಎಂದು ನೋಡಿದರೆ ಒಳಗಿನ ಅಲೆಯ ಎರಡೂ ಗುಣ ತಿಳಿಯುತ್ತವೆ. ಕೆನಡಾದ ಚಾಕ್ ರಿವರ್‌ನಲ್ಲಿ ಬರ್ಟ್ರಮ್ ಬ್ರಾಕ್‌ಹೌಸ್ 1955ರಲ್ಲಿ ಅಲ್ಯೂಮಿನಿಯಂ ಹರಳಿನ ಮೇಲೆ ಈ ಬಗೆಯ ಅಳತೆ ಪ್ರಕಟಿಸಿದ. 1994ರಲ್ಲಿ ಅವನಿಗೆ ನೊಬೆಲ್ ಬಂದದ್ದು ಈ ವಿಧಾನಕ್ಕಾಗಿ. ಅಲೆಯುದ್ದ ಬದಲಾದಂತೆ ಆವೃತ್ತಿ ಎಲ್ಲೂ ಕಡಿಯದೆ ಬದಲಾಗುತ್ತಿತ್ತು. ವಜ್ರದ ಮೇಲಿನ ಅಳತೆಗಳನ್ನು ವಾರೆನ್, ವೆಂಜಲ್ ಮತ್ತು ಯಾರ್ನೆಲ್ 1964ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರು. ಅಲ್ಲೂ ಅಖಂಡ ರೇಖೆಗಳೇ. ರಾಮನ್ ಆಗ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾಲಯದಲ್ಲಿದ್ದರು. 1970ರ ನವೆಂಬರ್ 21ರಂದು ತೀರಿಕೊಳ್ಳುವವರೆಗೂ ನಿಲುವು ಬಿಡಲಿಲ್ಲ.

ತರ್ಕದ ಭಾಷೆಯಲ್ಲಿ ಹೇಳುವುದಾದರೆ ರಾಮನ್‌ರ ಲಕ್ಷಣಕ್ಕೆ ತಗುಲಿದ್ದು ಅವ್ಯಾಪ್ತಿ. ಜೊತೆಜೊತೆ ಅಥವಾ ನೇರ ವಿರುದ್ಧ ಎಂಬ ಎರಡು ತುದಿಗಳ ನಡುವೆ ಇರುವ ಅಸಂಖ್ಯ ಕಂಪನಗಳನ್ನು ಅದು ಹೊರಗಿಟ್ಟಿತು. ಆದರೆ ಇದನ್ನು ‘ರಾಮನ್ ಎಡವಿದರು’ ಎಂದು ಮುಗಿಸುವವರ ಜೊತೆ ನಾನಿಲ್ಲ. ಅವರು ಆರಿಸಿದ ಆ ಕೆಲವು ಕಂಪನಗಳು ಹರಳಿನಲ್ಲಿ ನಿಜಕ್ಕೂ ವಿಶೇಷವಾದವು. 1953ರಲ್ಲಿ ಫಾನ್ ಹೋವ್ ತೋರಿಸಿದಂತೆ, ಆವೃತ್ತಿಯ ರೇಖೆ ಚಪ್ಪಟೆಯಾಗುವ ಜಾಗಗಳಲ್ಲಿ ಕಂಪನಗಳು ಗುಂಪುಗೂಡಿ ರೋಹಿತದಲ್ಲಿ ಮೊನಚು ಮೂಡುತ್ತದೆ. ರಾಮನ್‌ರ ಕಂಪನಗಳು ಬೀಳುವುದು ಸಾಮಾನ್ಯವಾಗಿ ಅಂಥ ಜಾಗಗಳಲ್ಲೇ. ಕೃಷ್ಣನ್ ಕಂಡ ಮೊನಚು ಸುಳ್ಳಾಗಿರಲಿಲ್ಲ. ನನಗೆ ಮುಖ್ಯವಾಗುವುದು ಇನ್ನೊಂದು: 45 ಎಂಬ ಸಂಖ್ಯೆಯನ್ನು ರಾಮನ್ ಅಚ್ಚಿನಲ್ಲಿ ಇಟ್ಟರು. ‘ಹರಳಿನಲ್ಲಿ ಒಂದು ದಿವ್ಯ ಲಯವಿದೆ’ ಎಂದು ಬರೆದು ಕೈತೊಳೆದುಕೊಂಡಿದ್ದರೆ ಯಾವ ನ್ಯೂಟ್ರಾನೂ ಅವರನ್ನು ಮುಟ್ಟುತ್ತಿರಲಿಲ್ಲ. ನಡುವಿನ ಅಲೆಯುದ್ದಗಳಿಗೆ ಕಂಪನವೇ ಇಲ್ಲ ಎಂದು ಅವರ ಲಕ್ಷಣ ಬಾಯಿಬಿಟ್ಟು ಹೇಳಿದ್ದರಿಂದ, ಅಲ್ಲಿ ಕಂಪನ ಇದೆ ಎಂದು ತೋರಿಸಿದ ದಿನ ವಿವಾದ ಮುಗಿಯಿತು. ಸೋತ ಸಿದ್ಧಾಂತಗಳಲ್ಲಿ ಇದು ಮರ್ಯಾದೆಯ ಸಾಲಿಗೆ ಸೇರಬೇಕಾದದ್ದು.

ಇದರ ಪಕ್ಕದಲ್ಲಿ ಕರ್ನಾಟಕದ್ದೇ ಇನ್ನೊಂದು ಉದಾಹರಣೆ ಇಡುತ್ತೇನೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದ ದಶಕಗಳಲ್ಲಿ ಹೇಳಿ ಬರೆಸಿದ, ಭರದ್ವಾಜ ಮಹರ್ಷಿಯದೆಂದು ಪ್ರಚಾರವಾದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ.ಆರ್. ಜೋಶ್ಯರ್ 1973ರಲ್ಲಿ ಇಂಗ್ಲಿಷಿನೊಂದಿಗೆ ಪ್ರಕಟಿಸಿದರು. ಮರುವರ್ಷ ಭಾರತೀಯ ವಿಜ್ಞಾನ ಮಂದಿರದ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಅದನ್ನು ಕೂಲಂಕಷವಾಗಿ ಪರಿಶೀಲಿಸಿ ವರದಿ ಬರೆದರು. ಭಾಷೆ ಈಚಿನದು, ವಿವರಿಸಿದ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಆ ಪರಿಶೀಲನೆ ಸಾಧ್ಯವಾದದ್ದು ಪುಸ್ತಕ ಕೆಲವು ಕಡೆ ಉದ್ದ, ಅಗಲ, ಆಕಾರ ಹೇಳಿರುವುದರಿಂದ. ಸಂಖ್ಯೆ ಕೊಟ್ಟ ಕಡೆ ಅದು ಬಿತ್ತು. ಎಲ್ಲಿ ಬರೀ ಹೆಸರುಗಳಿವೆಯೋ, ಗುರುತಿಸಲಾಗದ ಲೋಹಗಳು, ಶಕ್ತಿಗಳು, ದರ್ಪಣಗಳು, ಅಲ್ಲಿ ಅದು ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಐವತ್ತು ವರ್ಷ ಕಳೆದರೂ ಭಾಷಣಗಳಲ್ಲಿ ಅದು ಬದುಕಿರುವುದು ಆ ಭಾಗದ ಬಲದಿಂದ.

ಇಲ್ಲಿಗೆ ಬರುವ ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು ಗಂಭೀರವಾದದ್ದು. ಹೊಸ ವಿಚಾರ ಹುಟ್ಟುವಾಗ ಮಸುಕಾಗಿಯೇ ಇರುತ್ತದೆ, ಹುಟ್ಟಿದ ದಿನವೇ ಬಿಗಿ ಲಕ್ಷಣ ಕೇಳಿದರೆ ಅದು ಉಳಿಯುವುದಿಲ್ಲ. ಫ್ಯಾರಡೆಯ ಬಲರೇಖೆಗಳಿಗೆ ಮ್ಯಾಕ್ಸ್‌ವೆಲ್ ಬರುವ ತನಕ ಗಣಿತವೇ ಇರಲಿಲ್ಲವಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ಫ್ಯಾರಡೆಗೆ ಗಣಿತ ಇರಲಿಲ್ಲವೇ ಹೊರತು ಅಳತೆ ಇತ್ತು: ಕಬ್ಬಿಣದ ಪುಡಿ ಎಲ್ಲಿ ಸಾಲುಗಟ್ಟುತ್ತದೆ, ತಂತಿ ರೇಖೆಯನ್ನು ಕಡಿದಾಗ ಮುಳ್ಳು ಎತ್ತ ತಿರುಗುತ್ತದೆ ಎಂದು ಅವನು ತೋರಿಸುತ್ತಿದ್ದ. ಮಸುಕಾಗಿರುವುದು ಬೇರೆ, ನುಣುಚಿಕೊಳ್ಳುವುದು ಬೇರೆ. ಎರಡನೆಯ ಆಕ್ಷೇಪ ನನ್ನ ವಾದದ ಅತಿಯನ್ನು ಹಿಡಿಯುತ್ತದೆ. ನೇರ ಅಳೆಯಲಾಗದ್ದಕ್ಕೆ ಶಾಸ್ತ್ರದಲ್ಲಿ ಜಾಗವಿಲ್ಲ ಎಂದರೆ ಪರಮಾಣುವನ್ನೇ ಹೊರಹಾಕಬೇಕಾಗುತ್ತದೆ. ದ್ರವ್ಯರಾಶಿಯ ಲಕ್ಷಣವನ್ನು ಶುದ್ಧ ಮಾಡಿದ ಅದೇ ಮಾಖ್, ಈ ಕಟ್ಟುನಿಟ್ಟಿನಿಂದಲೇ ಪರಮಾಣುಗಳನ್ನು ನಂಬಲು ನಿರಾಕರಿಸಿದ. ಒಪ್ಪುತ್ತೇನೆ, ಆದ್ದರಿಂದ ನಾನು ಕೇಳುವುದು ಕಣ್ಣಿಗೆ ಕಾಣಬೇಕೆಂದಲ್ಲ, ಪದದಿಂದ ಅಳತೆಯವರೆಗೆ ಕಡಿಯದ ಒಂದು ಸರಪಣಿ ಇರಬೇಕೆಂದು. 1908ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಝಾನ್ ಪೆರಾನ್ ಬೇರೆ ಬೇರೆ ದಾರಿಗಳಿಂದ ಹೋಗಿ ಅವೊಗಾಡ್ರೊ ಸಂಖ್ಯೆಗೆ ಹೆಚ್ಚುಕಡಿಮೆ ಒಂದೇ ಬೆಲೆ ಪಡೆದಾಗ, ಪರಮಾಣುವನ್ನು ಯಾರೂ ನೋಡದಿದ್ದರೂ ಸರಪಣಿ ಗಟ್ಟಿಯಾಯಿತು.

ಮೂರನೆಯ ಮಾತು ಸಾಮಾನ್ಯವಾಗಿ ತುಸು ಕೋಪದಿಂದ ಬರುತ್ತದೆ: ಲಕ್ಷಣಗಳೆಲ್ಲ ಮನುಷ್ಯರು ಮಾಡಿಕೊಂಡ ಕರಾರು, ನೀವು ಬೇಕಾದಾಗ ಬದಲಿಸುತ್ತೀರಿ, ನಾವು ಬದಲಿಸಿದರೆ ಮಾತ್ರ ತಪ್ಪೇ? ಕರಾರು ಎಂಬುದು ನಿಜ. ಹವಾಮಾನ ಇಲಾಖೆಯವರು ಒಂದು ದಿನದಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದನ್ನು ಮಳೆಯ ದಿನ ಎನ್ನುತ್ತಾರೆ. ಆಕಾಶದಲ್ಲಿ ಅಂಥ ಗೆರೆಯೇನೂ ಇಲ್ಲ. ಆದರೆ ಜಗಳೂರಿನಲ್ಲಿ 2 ಮಿಲಿಮೀಟರ್ ಬಿದ್ದ ಮೇಲೆ ಆ ಗೆರೆಯನ್ನು ಕೆಳಗೆ ಎಳೆದು ‘ನಾವು ಹೇಳಿದ ಹಾಗೇ ಮಳೆ ಬಂತು’ ಎನ್ನುವಂತಿಲ್ಲ. ಮಾನ ಬದಲಿಸುವಾಗಲೂ ಒಂದು ಕ್ರಮವಿದೆ. 1889ರಿಂದ ಪ್ಯಾರಿಸ್ ಬಳಿಯ ಲೋಹದ ತುಂಡೊಂದು ಕಿಲೋಗ್ರಾಂ ಆಗಿತ್ತು. 2018ರ ನವೆಂಬರಿನಲ್ಲಿ ವರ್ಸೈನಲ್ಲಿ ಸೇರಿದ ತೂಕ ಮತ್ತು ಅಳತೆಗಳ ಮಹಾಸಭೆ ಪ್ಲಾಂಕ್ ಸ್ಥಿರಾಂಕಕ್ಕೆ ನಿಗದಿಯಾದ ಬೆಲೆ ಕೊಟ್ಟು, ಅದರ ಮೂಲಕ ಕಿಲೋಗ್ರಾಂಗೆ ಹೊಸ ಲಕ್ಷಣ ಹೇಳಿತು. 2019ರ ಮೇ 20ರಂದು ಅದು ಜಾರಿಗೆ ಬಂತು. ಹಿಂದಿನ ದಿನ ಚನ್ನಗಿರಿಯ ಮಂಡಿಯಲ್ಲಿ ತೂಗಿದ ಅಡಿಕೆ ಮರುದಿನವೂ ಅಷ್ಟೇ ತೂಗುವ ಹಾಗೆ, ಹಳೆಯದಕ್ಕೂ ಹೊಸದಕ್ಕೂ ಅಂತರ ಬಾರದಂತೆ, ಎಲ್ಲರ ಎದುರು, ಮೊದಲೇ ಸಾರಿ ಮಾಡಿದ ಬದಲಾವಣೆ ಅದು. ಸೋತ ಮೇಲೆ ಗುಟ್ಟಾಗಿ ಅರ್ಥ ಬದಲಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೊರಗಿನವರನ್ನು ಒಳಗೆ ಬಿಡುವುದೇ ಇಲ್ಲ ಎಂಬ ದೂರು ಉಳಿಯಿತು. 1935ರಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ತರುಣ ಚಂದ್ರಶೇಖರ್ ಅವರ ಲೆಕ್ಕವನ್ನು ಲೇವಡಿ ಮಾಡಿದ್ದನ್ನು ನೆನೆದರೆ ಈ ದೂರನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ರಾಮನ್ ಕೂಡ ಹೊರಗಿನಿಂದಲೇ ಬಂದವರು, 1907ರಿಂದ 1917ರವರೆಗೆ ಹಣಕಾಸು ಇಲಾಖೆಯ ಅಧಿಕಾರಿ. 1928ರಲ್ಲಿ ಅವರು ಬೆಳಕಿನ ಹೊಸ ಬಗೆಯ ಚದುರಿಕೆಯನ್ನು ಪ್ರಕಟಿಸಿದ ಕೆಲವೇ ತಿಂಗಳಲ್ಲಿ ಅಮೆರಿಕದ ಆರ್.ಡಬ್ಲ್ಯು. ವುಡ್ ಅದನ್ನು ತನ್ನಲ್ಲಿ ಮಾಡಿ ನೋಡಿ ದೃಢಪಡಿಸಿದ. ಮಾಡಿ ನೋಡಲು ಬೇಕಾದದ್ದೆಲ್ಲ ಆ ಪ್ರಕಟಣೆಯಲ್ಲಿತ್ತು. ಇವತ್ತಿಗೂ ಬಾಗಿಲು ಮುಚ್ಚಿಲ್ಲ. ಗೆಲಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ವೇಗವಾಗಿ ಸುತ್ತುವುದನ್ನು ವಿವರಿಸಲು ಹೆಚ್ಚಿನವರು ಕಾಣದ ದ್ರವ್ಯವನ್ನು ಹೇಳಿದರೆ, 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಮ್ ನ್ಯೂಟನ್ನನ ನಿಯಮವನ್ನೇ ತಿದ್ದಲು ಹೊರಟ. ಅವನು ಸೇರಿಸಿದ ಹೊಸ ಪದ ಒಂದೇ: ಒಂದು ವೇಗೋತ್ಕರ್ಷದ ಮಿತಿ, ಸೆಕೆಂಡಿನ ವರ್ಗಕ್ಕೆ ಸುಮಾರು 1.2 ಗುಣಿಸು 10ರ ಮೈನಸ್ 10ನೇ ಘಾತದಷ್ಟು ಮೀಟರ್. ಅದರ ಕೆಳಗೆ ಹಳೆಯ ನಿಯಮ ಬದಲಾಗುತ್ತದೆ. ಒಂಟಿ ಗೆಲಕ್ಸಿಗಳಲ್ಲಿ ಈ ಲೆಕ್ಕ ಬೆರಗಾಗುವಷ್ಟು ಹೊಂದುತ್ತದೆ, ಗೆಲಕ್ಸಿಗಳ ಗುಚ್ಛಗಳಲ್ಲಿ ಕೈಕೊಡುತ್ತದೆ. 2017ರ ಆಗಸ್ಟಿನಲ್ಲಿ ಗುರುತ್ವದ ಅಲೆಯೂ ಬೆಳಕೂ ಹೆಚ್ಚುಕಡಿಮೆ ಒಟ್ಟಿಗೇ ಬಂದು ತಲುಪಿದಾಗ ಅದರ ಕೆಲವು ಸಾಪೇಕ್ಷ ರೂಪಗಳು ಬಿದ್ದುಹೋದವು. ನನ್ನ ಅಂದಾಜಿನಲ್ಲಿ ಅದು ಕೊನೆಗೆ ಸೋಲಬಹುದು. ಆದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಹಣ ಹಾಕಿ ಪರೀಕ್ಷೆಗೊಡ್ಡುವ ಒಂದು ಪರ್ಯಾಯ ಭೌತಶಾಸ್ತ್ರವಿದೆ, ಬೋರ್‌ವೆಲ್ಲಿಗೆ ಪಾಯಿಂಟ್ ಮಾಡುವವರದು. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುತ್ತದೆ, ಬೇವಿನ ಕವಲುಕಡ್ಡಿ ತಿರುಗುತ್ತದೆ, ಕಾರಣ ಒಳಗಿನ ನೀರಿನ ‘ಶಕ್ತಿ’ ಅಥವಾ ‘ಆಕರ್ಷಣೆ’. ಅವರನ್ನು ಹಾಸ್ಯ ಮಾಡುವುದು ಸುಲಭ, ಅದರಿಂದ ಉಪಯೋಗವಿಲ್ಲ. ಕೇಳಬೇಕಾದದ್ದು ಲಕ್ಷಣವನ್ನು. ಆಕರ್ಷಣೆ ಎಷ್ಟು ಆಳದವರೆಗೆ? ನೀರು ಹೆಚ್ಚಾದರೆ ಹೆಚ್ಚುತ್ತದೆಯೆ? ‘ನೀರು ಬಿತ್ತು’ ಎಂದರೆ ಅರ್ಧ ಇಂಚೋ, ಎರಡು ಇಂಚೋ? ನಮ್ಮದು ಗಟ್ಟಿ ಬಂಡೆಯ ಸೀಮೆ. ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಕಣ್ಣುಮುಚ್ಚಿ ಕೊರೆದರೂ ಕೆಲವು ಸಲ ನೀರು ಸಿಗುತ್ತದೆ. ಸಿಕ್ಕರೆ ಪಾಯಿಂಟ್ ಸರಿ, ಸಿಗದಿದ್ದರೆ ‘ಇನ್ನೂ ನೂರು ಅಡಿ ಹೋಗಬೇಕಿತ್ತು’ ಎನ್ನುವಾಗ ಪದ ನುಣುಚಿಕೊಂಡಿತು. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕಣಜದ ಕೆಳಮಹಡಿಯಲ್ಲಿ ನೀರಿನ ಕೊಳವೆಯನ್ನು ಜಾಗ ಬದಲಿಸಿ ಇಟ್ಟು, ಮೇಲ್ಮಹಡಿಯಿಂದ ಅದನ್ನು ಗುರುತಿಸಲು ಆಯ್ದ 43 ಜನರಿಗೆ ಒಟ್ಟು 843 ಅವಕಾಶ ಕೊಟ್ಟರು. ನಡೆಸಿದವರು ಕೆಲವರಲ್ಲಿ ನಿಜವಾದ ಸಾಮರ್ಥ್ಯ ಕಂಡಿತೆಂದರು. 1999ರಲ್ಲಿ ಜೆ.ಟಿ. ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ಜಾಲಾಡಿ, ಅತ್ಯುತ್ತಮರೆಂದು ಆರಿಸಿದವರೂ ಒಂದು ಸಾಲಿನಲ್ಲಿ ಸರಿ ಹೇಳಿ ಇನ್ನೊಂದರಲ್ಲಿ ತಪ್ಪುತ್ತಿದ್ದರು, ಒಟ್ಟಾರೆ ಕುರುಡು ಊಹೆಗಿಂತ ಮೇಲೇನೂ ಇಲ್ಲ ಎಂದು ತೋರಿಸಿದ. ‘ಗೆಲುವು’ ಎಂಬ ಪದಕ್ಕೆ ಮೊದಲೇ ಲಕ್ಷಣ ಹೇಳದೆ, ಆಮೇಲೆ ಗೆದ್ದವರನ್ನು ಆರಿಸಿದ್ದೇ ಅಲ್ಲಿನ ದೋಷ.

ಗೆಲುವಿಗೆ ಮೊದಲೇ ಲಕ್ಷಣ ಹೇಳಿ ಪರೀಕ್ಷಿಸುವ ಕೆಲಸವನ್ನು ಇಲ್ಲಿ ಮಾಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಅಧ್ಯಾಪಕರಲ್ಲಿ ನನ್ನ ವಿನಂತಿ: ಮುಂದಿನ ಬೇಸಿಗೆಯಲ್ಲಿ ನಿಮ್ಮ ಊರಿನಲ್ಲಿ ಬೋರು ಕೊರೆಯುವ ಮೊದಲೇ, ಎಷ್ಟು ಅಡಿಗೆ ಎಷ್ಟು ಇಂಚು ನೀರು ಎಂದು ಪಾಯಿಂಟ್ ಮಾಡಿದವರಿಂದಲೇ ಒಂದು ದಪ್ಪ ನೋಟ್‌ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಭೂವಿಜ್ಞಾನಿ ಗುರುತಿಸಿದ ಜಾಗಗಳಿಗೂ ಇದೇ ನಿಯಮ ಇರಲಿ. ಕೊರೆದ ಮೇಲೆ ಸಿಕ್ಕ ಆಳ, ಸಿಕ್ಕ ಇಂಚನ್ನು ಪಕ್ಕದ ಕಾಲಮ್ಮಿನಲ್ಲಿ ತುಂಬಿ. ಫೇಲಾದ ಬೋರನ್ನು ಒಂದನ್ನೂ ಬಿಡಬೇಡಿ. ನಾಲ್ಕು ತಾಲ್ಲೂಕಿನ ಪುಸ್ತಕಗಳನ್ನು ಒಟ್ಟುಗೂಡಿಸಿ, ಫಲಿತಾಂಶ ಯಾರ ಪರವಾಗಿ ಬಂದರೂ ಕನ್ನಡದಲ್ಲಿ ಅಚ್ಚು ಹಾಕಿಸಿ.